ಬ್ರೂಸ್‌ಪೇಟೆಯ ಲೈನ್ಸ್‌ಮನ್

ಮುಂದಿನ ಸೀಟಿನವನ ಅಂಗಿಯ ಕಾಲರನ್ನು ಯಾರೋ ಕೈ ನೆಟ್ಟಗಿಲ್ಲದವನು ಹೊಲಿದಿದ್ದಾನೆ, ಎಡಗಡೆ ಒಂದು ಎಳೆ ಉದ್ದ, ಬಲಗಡೆ ಗಿಡ್ಡ, ಬಸ್ಸು ಕುಲುಕಿದಾಗಲೆಲ್ಲ ಉದ್ದದ ತುದಿ ಕಿವಿಯ ಹತ್ತಿರ ಎದ್ದು ನಿಲ್ಲುತ್ತದೆ, ಬಿಚ್ಚಿ ಕೊಟ್ಟರೆ ಹತ್ತು ನಿಮಿಷದ ಕೆಲಸ, ದರ್ಜಿಯ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಕೊಟ್ರಬಸಪ್ಪ ಅದನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ — ಸಾಕು, ಈ ಕೈ ಭಾನುವಾರ ಮಾಡಿದ್ದೇ ಈ ಜನ್ಮಕ್ಕಾಗುವಷ್ಟಿದೆ. ಕಾಲರಿನವನು ಸಿರುಗುಪ್ಪದ ಅಕ್ಕಿ ವ್ಯಾಪಾರಿ, ಹೆಸರು ಚಿದಾನಂದಪ್ಪ ಅಂತೆ, ಹತ್ತಿದಾಗಿನಿಂದ ಬಾಯಿ ಮುಚ್ಚಿಲ್ಲ, ಬಳ್ಳಾರಿಯ ಗುಡ್ಡ ಇನ್ನೂ ಬೆನ್ನ ಹಿಂದೆ ಕಾಣುತ್ತಿರುವಾಗಲೇ ಶುರು, ಅಲ್ಲಪ್ಪಾ ಕಂಡಕ್ಟರಾ, ಭಾನುವಾರ ಫುಟ್‌ಬಾಲ್ ಆಟದಾಗ ನಾ ಗೋಲ್ ಕಂಬದ ಬಾಜೂಕೇ ಕುಂತಿದ್ದೆ, ಅದು ಆಫ್‌ಸೈಡ್ ಅಂದ್ರ ಆಫ್‌ಸೈಡು, ಆ ಬ್ರೂಸ್‌ಪೇಟಿ ಉಚ್ಚೆಂಗೆಪ್ಪ ಗುಂತಕಲ್ಲಿನವ್ರನ್ನೆಲ್ಲಾ ದಾಟಿ ಮೊದ್ಲೇ ಹೋಗಿ ನಿಂತಿದ್ದ, ಚೆಂಡು ಆಮ್ಯಾಲೆ ಬಂತು, ಅದಕ್ಕೆ ಕಂಡಕ್ಟರ್ ಹುಲುಗಪ್ಪ ಟಿಕೀಟಿನ ಕಟ್ಟನ್ನು ಕಂಕುಳಲ್ಲಿ ಸಿಗಿಸಿಕೊಂಡು, ಏ ಸುಮ್ನಿರ್ರಿ ಸಾವ್ಕಾರ್ರ, ಆ ಲೈನ್ಸ್‌ಮನ್ ನನಮಗ ಗುಂತಕಲ್ಲಿನವ್ರ ಊಟ ಉಂಡಾನ, ಇಲ್ಲಾಂದ್ರ ತನ್ನ ಊರಿನ ಗೋಲಿಗೆ ತಾನೇ ಯಾರಾರ ಬಾವುಟ ಎತ್ತತಾರೇನ್ರೀ? ಆ ನನಮಗ ಇಲ್ಲೇ, ಎರಡನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ಧೋತರ ಉಟ್ಟು ಕರಿ ಟೋಪಿ ಹಾಕಿಕೊಂಡು ಕೂತಿದ್ದಾನೆ, ಚಡ್ಡಿಯಲ್ಲಿ ಗೆರೆಯುದ್ದಕ್ಕೂ ಓಡಾಡಿದ ಮನುಷ್ಯನನ್ನು ಧೋತರದಲ್ಲಿ ಗುರುತು ಹಿಡಿಯುವುದು ಯಾರಿಂದಲೂ ಆಗುವುದಿಲ್ಲ, ಅದೊಂದು ಪುಣ್ಯ.

ಊಟವಂತೆ, ಗುಂತಕಲ್ಲಿನವರು ಅವನಿಗೆ ಒಂದು ಲೋಟ ನೀರನ್ನೂ ಕೊಟ್ಟವರಲ್ಲ, ಆದರೆ ಬೈಯುವ ಹುಲುಗಪ್ಪನೇ ವಾಸಿ, ಬೈಗುಳ ಬೆನ್ನಿಗೆ ಬಿದ್ದು ಜಾರಿ ಹೋಗುತ್ತದೆ, ಈ ಚಿದಾನಂದಪ್ಪನ ಹೊಗಳಿಕೆ ಮಾತ್ರ ಒಳಗೆ ಹೋಗಿ ಕೂರುತ್ತದೆ, ಕೇಳ್ರಿ ಇಲ್ಲಿ, ಆ ದರ್ಜಿ ಅವ್ನ ಜೀವದ ಗೆಳೆಯಂತ, ದಿನಾ ಸಂಜಿ ಅವ್ನ ಅಂಗಡ್ಯಾಗೇ ಕುಂದ್ರತಿದ್ದನಂತ ಉಚ್ಚೆಂಗೆಪ್ಪ, ಅಂಥಾ ಗೆಳೆಯನ ಗೋಲಿಗೇ ಬಾವುಟ ಎತ್ತ್ಯಾನ ಅಂದ್ರ ತಪ್ಪು ಯಾರದ್ರಿ? ಧರ್ಮಾತ್ಮ ಅವ, ತಪ್ಪೆಲ್ಲಾ ಆ ಹುಡುಗಂದು, ಹೆಸರು ಮಾಡೋ ಆಸಿಗೆ ಓಡಿ ಹೋಗಿ ನಿಂತ, ಊರಿನ ಕಪ್ ಕಳದ. ಹೌದಲ್ಲ ಎಂದು ಹಿಂದಿನ ಸೀಟಿನಿಂದ ಇಬ್ಬರು ತಲೆಯಾಡಿಸುತ್ತಾರೆ, ಬ್ರೂಸ್‌ಪೇಟೆಯಲ್ಲೂ ಮೂರು ದಿನದಿಂದ ಇದೇ ಮಾತು, ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡ ಸುಂಕಮ್ಮ ಸಹ, ಫುಟ್‌ಬಾಲ್ ಎಂದರೆ ದುಂಡೋ ಚಪ್ಪಟೆಯೋ ಗೊತ್ತಿಲ್ಲದ ಮುದುಕಿ, ಆ ಉಚ್ಚೆಂಗೆಪ್ಪ ಹಂಗ ಮಾಡಬಾರದಾಗಿತ್ತು ಬಿಡಪ್ಪ ಅಂದಳು, ಕೊಟ್ರಬಸಪ್ಪ ಬಗ್ಗಿ ಸೂಜಿಗೆ ದಾರ ಪೋಣಿಸಿದ. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಉಚ್ಚೆಂಗೆಪ್ಪನ ಆಟದ ಅಂಗಿ, ಒಗೆದು, ಮಡಿಸಿ, ಅದರ ಮೇಲೆ ಗಾಳಿಗೆ ಹಾರದ ಹಾಗೆ ಒಂದು ಕಲ್ಲು, ಅವನು ಕೆಲಸ ಮಾಡುವ ಹತ್ತಿ ಪ್ರೆಸ್ಸಿನ ಮೇಸ್ತ್ರಿಯನ್ನು ಕೇಳಿದರೆ, ಉಚ್ಚೆಂಗೆಪ್ಪನಾ? ಲೆಕ್ಕ ತೀರಿಸಿಕೊಂಡು ತನ್ನೂರು ಬಾದನಹಟ್ಟಿಗೆ ಹೋದ, ತಿರುಗಿ ಬರಲ್ಲ ಅಂದ. ಆ ಅಂಗಿ ಈಗ ಚೀಲದಲ್ಲಿದೆ, ಚೀಲ ತೊಡೆಯ ಮೇಲೆ, ಇವತ್ತು ಹೇಳಿಬಿಡಬೇಕು, ಅವನಿಗೊಬ್ಬನಿಗಾದರೂ, ನಿನ್ನದು ತಪ್ಪಲ್ಲ ಎಂದು ಹೇಳದೆ ಈ ಬಸ್ಸಿನಲ್ಲಿ ವಾಪಸು ಹತ್ತುವುದಿಲ್ಲ — ಹೇಳಿದ ಮೇಲೆ ಅವನು ಮುಖ ನೋಡದೆ ಹೋದರೆ ಹೋಗಲಿ, ಉಗಿದರೆ ಉಗಿಯಲಿ.

ಕರಿ ಹೊಲ, ಹತ್ತಿ, ಮತ್ತೆ ಕರಿ ಹೊಲ, ನಡುವೆ ಒಂದು ಮುಳ್ಳುತಂತಿ ಬೇಲಿ ಹಾದು ಹೋಗುತ್ತದೆ, ಯುದ್ಧದ ಕಾಲದಲ್ಲಿ ಬಳ್ಳಾರಿಯ ಸೆರೆ ಕ್ಯಾಂಪಿನ ಬೇಲಿ ಇದಕ್ಕಿಂತ ಎತ್ತರವಿತ್ತು, ಒಳಗೆ ಇಟಲಿಯ ಕೈದಿಗಳು ಅಂಗಿ ಬಿಚ್ಚಿ ಚೆಂಡು ಒದೆಯುತ್ತಿದ್ದರು, ಹೊರಗೆ ನೋಡುವವರು ಇಬ್ಬರೇ, ಹೆಂಡತಿ ಸತ್ತು ಮೂರು ತಿಂಗಳಾಗಿ ಮನೆಗೆ ಹೋಗಲು ಮನಸ್ಸಾಗದ ಒಬ್ಬ ದರ್ಜಿ, ಹತ್ತಿಯ ಅಂಡಿಗೆ ಹೊತ್ತು ಭುಜ ಸುಲಿದುಕೊಂಡ ಒಬ್ಬ ಹಮಾಲಿ, ಒಂದು ವಾರ ಮಾತಿಲ್ಲ, ಎಂಟನೆಯ ದಿನ ಹಮಾಲಿ ಉಚ್ಚೆಂಗೆಪ್ಪ ಕೇಳಿದ, ಅಲ್ಲಣ್ಣಾ, ಚೆಂಡು ಬರಾಕ ಮೊದ್ಲು ಅವ ಮುಂದ ನಿಂತ್ರ ಯಾಕ ಸೀಟಿ ಊದ್ತಾರ? ಕೊಟ್ರಬಸಪ್ಪನಿಗೂ ಗೊತ್ತಿರಲಿಲ್ಲ, ಇಬ್ಬರೂ ಸೇರಿ ನೋಡಿ ನೋಡಿ ಕಂಡುಹಿಡಿದರು, ಆ ಕಾಯಿದೆಯನ್ನು ಅವರಿಗೆ ಯಾರೂ ಕಲಿಸಲಿಲ್ಲ. ಆಮೇಲೆ ಬ್ರೂಸ್‌ಪೇಟೆಯ ತಂಡ ಆಯಿತು, ಅವನು ಆಡುವವನು, ಇವನು ಅಂಗಿ ಹೊಲಿಯುವವನು, ಗೆರೆಯ ಮೇಲೆ ಬಾವುಟ ಹಿಡಿಯುವವನು, ಸಂಜೆ ಅಂಗಡಿಯ ಬೆಂಚಿನ ಮೇಲೆ ಅವನು ಕೂತರೆ ಬದಿಯ ಅಂಗಡಿಯವರು ಮುಖ ಸಿಂಡರಿಸುತ್ತಿದ್ದರು, ಯಾರ್ಯಾರನ್ನೋ ಒಳಗೆ ಕುಂದ್ರಸ್ತಾನ ನೋಡು ಎಂದು, ಕುಂದ್ರಸ್ತೀನಿ, ಏನೀಗ, ಬೇರೆ ಯಾರು ಬರುತ್ತಿದ್ದರು ಆ ಬೆಂಚಿಗೆ? ಗಿರಾಕಿಗಳು ಅಳತೆ ಕೊಟ್ಟು ಎದ್ದು ಹೋಗುವವರು, ಅವನೊಬ್ಬನೇ ಕೆಲಸವಿಲ್ಲದೆ ಬಂದು ಕೂರುತ್ತಿದ್ದವನು, ಗೋಲು ಹೊಡೆದಾಗಲೂ ತಂಡದವರ ಹತ್ತಿರ ಹೋಗುವವನಲ್ಲ, ಗೆರೆಯ ಹತ್ತಿರ ಓಡಿ ಬರುತ್ತಿದ್ದ, ನೋಡಿದ್ಯಾ ಕೊಟ್ರಣ್ಣ ಎಂದು, ಎರಡೂ ಕೈ ಚಾಚಿ, ಬಾಯಿ ತುಂಬ ನಗುತ್ತಾ — ಬೇಡ, ಅದು ಬೇಡ, ಕಿಟಕಿ, ಹೊಲ ನೋಡು, ಹತ್ತಿ ಬಿಡಿಸುವ ಹೆಂಗಸರನ್ನು ನೋಡು.

ಕುರುಗೋಡು, ಕುರುಗೋಡು, ಯಾರ್ರೀ ಇಳಿಯೋರು? ಇಳಿದರೂ ಜಗಳ ಬಿಡದು, ಬಸ್ಸಿನ ಇಂಜಿನ್ನಿಗೆ ನೀರು ಹೊಯ್ಯುವಷ್ಟು ಹೊತ್ತು ಚಹಾದ ಅಂಗಡಿಯ ಮುಂದೆ ಚಿದಾನಂದಪ್ಪ ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆದು, ಕಡ್ಡಿಪೆಟ್ಟಿಗೆಯೇ ಗೋಲು, ಎರಡು ಬೀಡಿತುಂಡು ಗುಂತಕಲ್ಲಿನವರು, ಹುಣಿಸೆಬೀಜ ಉಚ್ಚೆಂಗೆಪ್ಪ, ಹುಲುಗಪ್ಪ ಆ ಬೀಜವನ್ನು ಹಿಂದಕ್ಕೆ ತಳ್ಳುತ್ತಾನೆ, ಚಿದಾನಂದಪ್ಪ ಮುಂದಕ್ಕೆ ತಳ್ಳುತ್ತಾನೆ, ಇಲ್ಲೈತಿ, ಇಲ್ಲಿಲ್ಲ ಇಲ್ಲೈತಿ, ಚಿದಾನಂದಪ್ಪನದೇ ಮಾತು, ರೆಫರಿ ಮಾತ್ರ ಹೊರಗಿನವ್ರು ನೋಡ್ರಿ, ಬಾವುಟದವರನ್ನ ಎರಡೂ ತಂಡದವರೇ ಒಬ್ಬೊಬ್ಬರನ್ನ ಕೊಡೋದು ನಮ್ಮ ಪದ್ಧತಿ, ವೈರಿ ಕಡೆಯಾವ ಎತ್ತಿದ್ರ ರೆಫರಿ ಎರಡು ಸಲ ಯೋಚನಿ ಮಾಡ್ತಾನ, ಗೋಲ್ ಹೊಡೆದಾವನ ಕಡೆಯಾವನೇ ಎತ್ತಿದ್ರ ಯೋಚನೀನೇ ಬ್ಯಾಡ! ಹೌದು, ಯೋಚನೆಯೇ ಬೇಡ, ಅದಕ್ಕೇ ಸೀಟಿ ಅಷ್ಟು ಬೇಗ ಬಂತು. ಕೊಟ್ರಬಸಪ್ಪ ಬಗ್ಗಿ ಆ ಹುಣಿಸೆಬೀಜವನ್ನೇ ನೋಡುತ್ತಾನೆ, ಎಲ್ಲಿತ್ತು ಅದು? ಅವನಿಗೆ ಗೊತ್ತಿಲ್ಲ, ಇಡೀ ಬಳ್ಳಾರಿಯಲ್ಲಿ ಅದನ್ನು ನೋಡಲೆಂದೇ ನಿಲ್ಲಿಸಿದ ಒಬ್ಬನೇ ಮನುಷ್ಯ ನೋಡಲಿಲ್ಲ, ಒಂದಕ್ಕೊಂದು ಗೋಲು, ಇನ್ನು ಐದು ನಿಮಿಷ, ಗೆರೆ ನೋಡಬೇಕಾದವನು ಗೆರೆ ಬಿಟ್ಟು ಉಚ್ಚೆಂಗೆಪ್ಪನ ಕಾಲನ್ನೇ ನೋಡುತ್ತಾ ಓಡಿದ, ಬೇಲಿಯ ಹೊರಗೆ ನಿಂತು ನೋಡುತ್ತಿದ್ದವನ ಹಾಗೆ, ಹೊಡಿ, ಹೊಡಿಯೋ ಎನ್ನುತ್ತಾ, ಸೂರ್ಯ ಸರಿಯಾಗಿ ಗೋಲಿನ ಹಿಂದೆ ಇಳಿದಿದ್ದ, ಉಚ್ಚೆಂಗೆಪ್ಪ ಆ ಬೆಳಕಿನೊಳಗೆ ಹೊಕ್ಕ, ಕಣ್ಣು ಕತ್ತಲಾಯಿತು, ಅಯ್ಯೋ ಅವನ ಗೋಲು ಕಾಣದೇ ಹೋಗುತ್ತದಲ್ಲ ಎಂದು, ಇಷ್ಟೇ, ಬೇರೇನೂ ಅಲ್ಲ, ಬಿಸಿಲಿಗೆ ಅಡ್ಡವಾಗಿ ಕೈ ಹುಬ್ಬಿನ ಮೇಲೆ ಹೋಯಿತು, ಆ ಕೈಯಲ್ಲಿ ಬಾವುಟ ಇತ್ತು. ಸೀಟಿ. ಕೈ ಇಳಿಸುವಷ್ಟರಲ್ಲಿ ರೆಫರಿ, ಅನಂತಪುರದ ದೊಡ್ಡ ಮೀಸೆಯವರು, ಎದುರಿಗೆ ಬಂದಿದ್ದರು, ಆಫ್‌ಸೈಡಾ? ಇಷ್ಟು ಜನ, ಎಲ್ಲರ ಕಣ್ಣೂ ಇತ್ತಲೇ, ಇಲ್ಲ ಸ್ವಾಮಿ ಬಿಸಿಲಿಗೆ ಕೈ ಅಡ್ಡ ಹಿಡಿದೆ ಎನ್ನಬೇಕಿತ್ತು, ಅಂದಿದ್ದರೆ ನಗುತ್ತಿದ್ದರು, ಗುಡ್ಡ ಬೀಳುವ ಹಾಗೆ ನಗುತ್ತಿದ್ದರು, ಬ್ರೂಸ್‌ಪೇಟೆಯ ದರ್ಜಿಗೆ ಬಾವುಟ ಹಿಡಿಯಲು ಬರುವುದಿಲ್ಲ ಎಂದು, ಆ ನಗೆಗೆ ಹೆದರಿದ, ನಾಚಿಕೆಗೆಟ್ಟ ಮುಂಡೇಗಂಡ, ಹೂಂ ಅಂದ. ಅತ್ತ ನೋಡಿದರೆ ಉಚ್ಚೆಂಗೆಪ್ಪ ಸೀಟಿ ಕೇಳಿಸಿಕೊಂಡಿಲ್ಲ, ಎರಡೂ ಕೈ ಚಾಚಿ ಓಡಿ ಬರುತ್ತಿದ್ದಾನೆ, ನಗುತ್ತಾ. ಆಮೇಲೆ ಗುಂತಕಲ್ಲಿನವರು ಗೋಲು ಹೊಡೆದದ್ದು, ಕಪ್ ಹೋದದ್ದು, ಕಲ್ಲು ತೂರಿದ್ದು, ಅದೆಲ್ಲ ಯಾರಿಗೆ ಬೇಕು.

ಹೇಳಿಬಿಡಲೇ, ಇಲ್ಲೇ, ಈ ಬೀಡಿತುಂಡುಗಳ ಮುಂದೆ? ಬಾಯಿ ತೆರೆದ, ಅದೂ, ಆ ಲೈನ್ಸ್‌ಮನ್ನು, ಎಂದು ಶುರುವೂ ಮಾಡಿದ, ಚಿದಾನಂದಪ್ಪ ತಲೆಯೆತ್ತಿ, ನಿಮಗೇನು ಗೊತ್ತೈತ್ರಿ, ಆಟ ನೋಡಿರೇನು ನೀವು? ಕೊಟ್ರಬಸಪ್ಪ ಹೇಳಿದ, ಇಲ್ಲ, ನಾ ನೋಡಿಲ್ಲ. ಅವನು ಆ ವಾರ ಆಡಿದ ಮೊದಲ ನಿಜ ಅದು, ಹೇಳಿ ಚೀಲ ಎತ್ತಿಕೊಂಡು ಬಾದನಹಟ್ಟಿಯ ಹೊಲದ ದಾರಿ ಹಿಡಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ, ಮೊದಲು ಕೈಯ ವಿಷಯ, ಆಮೇಲೆ ಹೂಂ ಅಂದದ್ದು, ಅಲ್ಲ, ಮೊದಲು ಹೂಂ, ಅದೇ ದೊಡ್ಡದು, ಮುಳ್ಳು ಚುಚ್ಚಿತು, ಕೂತು ತೆಗೆದ, ಮತ್ತೆ ಮೊದಲಿಂದ ಜೋಡಿಸಿದ. ಹತ್ತಿಯ ಹೊಲದಲ್ಲಿ ಹೆಂಗಸರ ಸಾಲಿನ ನಡುವೆ ಒಬ್ಬ ಗಂಡಸು, ಬೆನ್ನು ನೋಡಿದರೇ ತಿಳಿಯಿತು, ಆ ಭುಜದ ಅಳತೆ ಅವನಿಗೆ ಟೇಪು ಇಲ್ಲದೆ ಗೊತ್ತು. ಉಚ್ಚೆಂಗೆಪ್ಪನ ಅವ್ವ ಹುಲುಗಮ್ಮ ಮಜ್ಜಿಗೆ ತಂದು ಕೊಡಲೋ ಬೇಡವೋ ಎಂದು ನಿಂತಳು, ಕೊಡಬೇ ಯವ್ವ, ಅಂವ ನಮ್ಮ ಕೈದು ಕುಡಿತಾನ ಎಂದ ಉಚ್ಚೆಂಗೆಪ್ಪ, ಇಷ್ಟು ಬಿಸಿಲಾಗ ಯಾಕ ಬಂದಿ ಕೊಟ್ರಣ್ಣ? ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಹೇಳಿದ. ಜೋಡಿಸಿಕೊಂಡದ್ದೆಲ್ಲ ಕಲಸಿಹೋಗಿ ಹೇಗೋ ಹೇಳಿದ, ನಾ ನೋಡ್ಲೇ ಇಲ್ಲೋ, ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದೆ, ನಿನ್ನ ಗೋಲ್ ಕಾಣವಲ್ದು ಅಂತ, ಬಾವುಟ ಕೈಯಾಗಿತ್ತು, ನಿಂದು ತಪ್ಪಿಲ್ಲ. ಉಚ್ಚೆಂಗೆಪ್ಪ ಉಡಿಯ ಹತ್ತಿಯನ್ನು ಗುಡ್ಡೆಗೆ ಸುರಿದ, ಕೈ ಒರೆಸಿಕೊಂಡ, ನೀ ಒಳ್ಳೇವ ಕೊಟ್ರಣ್ಣ, ನನಗ ಸಮಾಧಾನ ಮಾಡಾಕ ಇಷ್ಟು ದೂರ ಸುಳ್ಳು ಹೊತ್ಕೊಂಡ್ ಬಂದಿ. ಸುಳ್ಳಲ್ಲೋ. ಸುಳ್ಳಲ್ದೇ ಏನು, ರೆಫರಿ ಕೇಳಿದಾಗ ಹೂಂ ಅಂದಿಯಲ್ಲ, ನಾ ಓಡಿ ಬಂದಾಗ ರೆಫರಿ ನಿಮ್ಮಾವನೇ ಹೂಂ ಅಂದಾನ ಅಂದ್ರು, ನನ್ನ ಕಿವಿಯಾರೆ ಕೇಳೀನಿ, ಮೂರು ದಿನಾತು, ಅದನ್ನ ತಿರುವಿ ತಿರುವಿ ನೋಡಾಕ ಹತ್ತೀನಿ, ಒಮ್ಮೆ ಮುಂದಿದ್ದೆ ಅನಸ್ತೈತಿ ಒಮ್ಮೆ ಇರಲಿಲ್ಲ ಅನಸ್ತೈತಿ, ನೀ ಎತ್ತಿದಿ ಅಂದ್ಮ್ಯಾಲೆ ಮುಂದೇ ಇರಬೇಕು. ಸುಳ್ಳಿಗೇ ಅಂದೆನೋ, ಹೆದರಿಕಿಗೆ ಹೂಂ ಅಂದೆ — ಬ್ಯಾಡ ಬಿಡಣ್ಣ, ಅವನ ಕಣ್ಣು ಕೆಂಪಾಗಿತ್ತು, ಪ್ರೆಸ್ಸಿನವ್ರು, ಪ್ಯಾಟಿಯವ್ರು, ಎಲ್ರೂ ನನ್ನ ಮುಂದೊಂದು ಹಿಂದೊಂದು ಮಾತಾಡಾವ್ರೇ, ಬಳ್ಳಾರ್ಯಾಗ ನಾ ನಂಬಿದಾವ ನೀ ಒಬ್ಬನೇ, ಅದನ್ನೂ ಕಸ್ಕೋಬ್ಯಾಡ. ಕೊಟ್ರಬಸಪ್ಪ ಮಜ್ಜಿಗೆ ಕೆಳಗಿಟ್ಟು ಚೀಲ ಬಿಚ್ಚಿದ. ಅಂಗಿ ಚಾಚಿದ, ಅವನು ಮುಟ್ಟಲಿಲ್ಲ, ನಾ ಇನ್ನ ಬರಂಗಿಲ್ಲ, ನೀ ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಮತ್ತೆ ಸಾಲಿಗೆ ಹೋಗಿ ಬಗ್ಗಿದ.

ಹೊಲದ ದಾರಿ, ವಾಪಸು, ಮುಂದಿನ ಬಸ್ಸಿಗೆ ಇನ್ನೂ ಹೊತ್ತಿದೆ, ಹೇಳಿದೆನಲ್ಲ, ಹೇಳಿದೆ, ಇನ್ನೇನು ಮಾಡಲಿ, ಅಂಗಡಿ, ಬೆಂಚು, ಬೆಂಚನ್ನು ಒಳಗೆ ಎಳೆದು ಅದರ ಮೇಲೆ ಬಟ್ಟೆಯ ಥಾನು ಇಟ್ಟರಾಯಿತು, ಯಾರಾದರೂ ಧರ್ಮಾತ್ಮ ಎಂದರೆ ಹೂಂ ಅನ್ನಬೇಕು, ಅದು ಬರುತ್ತದಲ್ಲ ನನಗೆ, ನಿಜವಾಗಿ ಮುಂದೇ ಇದ್ದನೇನೋ, ಇದ್ದಿರಬಹುದು, ಇದ್ದರೆ ನಾನು ಪಾರು, ಇಲ್ಲ, ಎಲ್ಲಿ ಪಾರು, ನೋಡೇ ಇಲ್ಲ ನಾನು, ನೋಡಿದ್ದು ಅದೊಂದೇ, ಬಿಸಿಲಿನೊಳಗಿಂದ ಹೊರಗೆ ಬಂದ ಆ ಮುಖ, ಎರಡೂ ಕೈ ಚಾಚಿದೆ, ಬಾಯಿ ತುಂಬ ನಗು, ಇತ್ತಲೇ, ನನ್ನ ಕಡೆಗೇ, ಓಡಿ ಬರುತ್ತಿದ್ದಾನೆ, ಸೀಟಿ ಕೇಳಿಸಿಲ್ಲ ಅವನಿಗೆ, ಓಡಿ ಬರುತ್ತಿದ್ದಾನೆ, ನಗುತ್ತಾ, ಇನ್ನೂ ನಗುತ್ತಾ