ಕಡ್ಡಿ ಗೀರುವವರು

ಮತ್ತೆ ಅದೇ, ಕೊಳೆತ ಈರುಳ್ಳಿಯಂಥದ್ದು, ಬಂತು ಅನ್ನುವಷ್ಟರಲ್ಲಿ ಹೋಯಿತು, ಗಾಳಿ ತಿರುಗಿದರೆ ಬರೀ ನೀಲಗಿರಿ ಎಲೆಯ ವಾಸನೆ, ಕ್ವಾರ್ಟರ್ಸಿನ ಹಿಂದಿನ ತೋಪಿನದು — ಈರುಳ್ಳಿ ಬುಟ್ಟಿಯನ್ನು ಬೆಳಿಗ್ಗೆ ನಾನೇ ನೋಡಿದ್ದೇನೆ, ಒಂದೊಂದನ್ನೂ ಹಿಸುಕಿ, ಕೊಳೆತದ್ದು ಒಂದೂ ಇಲ್ಲ, ಹಾಗಾದರೆ ಗ್ಯಾಸೇ, ವರ್ಷಗಟ್ಟಲೆ ಕಾದ ಮೇಲೆ ಬಂದ ಸಿಲಿಂಡರು, ಬಂದ ದಿನ ಅದಕ್ಕೆ ಕುಂಕುಮ ಇಟ್ಟವಳೂ ನಾನೇ. ನಿನ್ನೆಯೇ ಹೇಳಿದೆ. ಮಗ ಸುಬ್ಬು ಫ್ಯಾಕ್ಟರಿಯಿಂದ ಬಂದವನು ಬೂಟು ಕೂಡ ಬಿಚ್ಚದೆ ಬಟ್ಟಲಲ್ಲಿ ಸೋಪಿನ ನೊರೆ ಮಾಡಿ ರೆಗ್ಯುಲೇಟರಿಗೆ ಬಳಿದ, ನೋಡಮ್ಮ, ಸೋರ್ತಿದ್ರೆ ಗುಳ್ಳೆ ಏಳ್ಬೇಕು, ಎದ್ದಿದೆಯಾ, ಇಲ್ವಲ್ಲ — ಕಣ್ಣಿಗೆ ಕಾಣುವ ಕಡೆ ಬಳಿದ, ಕೈ ತೂರದ ಕಡೆ ಬಿಟ್ಟ, ಆಮೇಲೆ ನನ್ನ ಕಾಲಿಗೆ ರಗ್ಗು ಹೊದಿಸಿದ, ಮೆತ್ತಗೆ. ಆ ಮೆತ್ತಗೆ ಇದೆಯಲ್ಲ, ಅದರ ಮೇಲೇ ನನಗೆ ಅನುಮಾನ. ನನ್ನ ಮಗ ನನ್ನೊಡನೆ ಜಗಳವಾಡುತ್ತಿದ್ದವನು, ಸಾರಿಗೆ ಹುಳಿ ಹೆಚ್ಚಾಯಿತೇ ಇಲ್ಲವೇ ಎಂಬುದಕ್ಕೂ ತಟ್ಟೆ ಒಣಗುವ ತನಕ ವಾದ, ಈಗ ಹೌದಮ್ಮ, ಆಯ್ತಮ್ಮ, ಕಿತ್ತಳೆ ತೊಳೆಯ ನಾರು ಕೂಡ ಬಿಡಿಸಿ ಅಂಗೈಗೆ ಇಡುತ್ತಾನೆ — ಯಾವತ್ತಿನಿಂದ? ಹೋದ ವರ್ಷ ಕಳ್ಳ ಬಂದ ಎಂದು ನಾನು ಎಲ್ಲರನ್ನೂ ಎಬ್ಬಿಸಿದೆನಲ್ಲ, ನೋಡಿದರೆ ಪರಂಗಿ ಎಲೆ ತಗಡಿಗೆ ಬಡಿಯುತ್ತಿತ್ತು, ಅವತ್ತಿನಿಂದ. ಕಿವಿ ಮಾಡಿದ ತಪ್ಪಿಗೆ ಈಗ ಮೂಗು ದಂಡ ತೆರುತ್ತಿದೆ. ವಾದ ಮಾಡುವುದನ್ನು ಬಿಟ್ಟವನು ನನ್ನನ್ನು ಪ್ರೀತಿಸುತ್ತಾನೆ, ಅದು ನಿಜ, ಆದರೆ ನನ್ನ ಮಾತನ್ನು ಎಣಿಕೆಯಿಂದ ತೆಗೆದಿದ್ದಾನೆ, ಅದೂ ನಿಜ. ಹಾಲಿನ ಪಿಳ್ಳಮ್ಮ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿಯೇ ಹಾಲು ಅಳೆದಳು, ಯಾಕೇ ಪಿಳ್ಳಮ್ಮ, ಊ ಕಣಮ್ಮ ಗಬ್ಬುನಾತ, ಗ್ಯಾಸು ಅಂದ್ರೆ ಇಂಗೇ ನಾರ್ತದೇನೋ ಅಂದ್ಕಂಡು ಸುಮ್ಕಿದ್ದೆ, ದುಡ್ಡು ಕೊಟ್ಟು ಅದ್ಯಾಕೆ ನಾತ ಕೊಂಡ್ಕತಾರೋ ಅಂತ. ನನಗೇ ನಗು ಬಂತು, ಸುಬ್ಬು ಒಳಗಿನಿಂದ, ಸರಿಹೋಯ್ತು, ಗ್ಯಾಸು ಒಲೇನೇ ಕಾಣದವಳು ನಿನ್ನ ಸಾಕ್ಷಿ — ಕಾಣದವಳಾದ್ದರಿಂದಲೇ ಅಲ್ಲವೇನೋ ಅವಳ ಮೂಗು ಇದಕ್ಕೆ ಒಗ್ಗಿಲ್ಲ, ಅನ್ನಬೇಕಿತ್ತು, ಅನ್ನಲಿಲ್ಲ, ಅಂದಿದ್ದರೆ ಹೌದಮ್ಮ ಅನ್ನುತ್ತಿದ್ದ. ಅಡಿಗೆಮನೆಯ ಕಿಟಕಿ ತೆರೆದಿಟ್ಟರೆ ಬಂದು ಮುಚ್ಚುತ್ತಾನೆ, ಮಗೂಗೆ ಥಂಡಿ ಅಮ್ಮ. ಬೆಂಕಿಪೊಟ್ಟಣವನ್ನು ನನ್ನ ದಿಂಬಿನ ಕೆಳಗೆ ಬಚ್ಚಿಟ್ಟೆ, ಅದನ್ನೂ ನಗುತ್ತಲೇ ತೆಗೆದುಕೊಂಡ, ಆಗಿನಿಂದ ಕಣ್ಣು ಮುಚ್ಚಿದರೆ ಕಡ್ಡಿಯ ಕೆಂಪು ತಲೆ, ಅಷ್ಟೇ, ಉರಿಯಿಲ್ಲ, ಬರೀ ಕೆಂಪು ತಲೆ.

ಸೊಸೆ ವತ್ಸಲಾಳನ್ನು ಕೇಳಿದೆ, ನಿನಗೆ ವಾಸನೆ ಬರುತ್ತದೇನೆ? ಇಲ್ಲತ್ತೆ, ಅಂದಳು, ನನ್ನ ಮುಖ ನೋಡದೆ. ಇಲ್ಲ ಅಂದವಳು ತೊಟ್ಟಿಲನ್ನು ಅಡಿಗೆಮನೆಯ ಪಕ್ಕದ ಕೋಣೆಯಿಂದ ಮುಂದಿನ ಹಾಲಿಗೆ ತಂದಳು, ಇಲ್ಲಿ ಬೆಳಕು ಚೆನ್ನಾಗಿದೆ ಅಂತ, ಮಗುವಿಗೆ ಬೆಳಕಿನಲ್ಲಿ ನಿದ್ದೆ ಬರುವುದಿಲ್ಲ ಎಂದು ಹೋದ ವಾರ ಹೇಳಿದವಳೂ ಅವಳೇ. ಬೆಳಿಗ್ಗೆ ಅಡಿಗೆಯೆಲ್ಲ ಹಿತ್ತಲ ಜಗಲಿಯ ಸೀಮೆಎಣ್ಣೆ ಸ್ಟೌವಿನ ಮೇಲೆ, ಎಣ್ಣೆ ಸುಮ್ನೆ ಉಳಿದುಬಿಟ್ಟಿದೆ ಅತ್ತೆ, ಮುಗಿಸಿಬಿಡೋಣ ಅಂತ. ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಮಾಡುತ್ತದೆ, ಯಾವುದನ್ನು ನಂಬಲಿ — ಮೈಸೂರಿನಲ್ಲಿ ಬಿ.ಎ. ಓದುವಾಗ ತತ್ತ್ವಶಾಸ್ತ್ರದ ಮೇಷ್ಟ್ರು ಹೇಳುತ್ತಿದ್ದರು, ನಂಬಿಕೆ ಎಂದರೆ ತಲೆಯೊಳಗೆ ತೂಗುಹಾಕಿದ ಪಟವಲ್ಲ, ಅದರಂತೆ ನಡೆಯಲು ಸಿದ್ಧವಾಗಿರುವುದೇ ನಂಬಿಕೆ, ನಡೆದು ನೋಡಿದಾಗ ಸಿಗುವ ಫಲವೇ ಅದರ ಪರೀಕ್ಷೆ. ಚಂದದ ಮಾತು, ಇವತ್ತಿಗೂ ಚಂದವೇ. ಎದ್ದು ನಿಂತು ಕೇಳಿದ್ದೆ, ಕ್ಲಾಸಿನಲ್ಲಿ ಹುಡುಗಿಯರು ನಾವಿಬ್ಬರೇ, ಪರೀಕ್ಷೆ ಮಾಡು ಅನ್ನುವವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು ಆದರೆ, ಸಾರ್? ಹುಡುಗರು ನಕ್ಕರು, ಮೇಷ್ಟ್ರು ನಗಲಿಲ್ಲ, ಒಳ್ಳೇ ಪ್ರಶ್ನೆಯಮ್ಮ, ಕೂತ್ಕೋ ಎಂದರು, ಉತ್ತರ ಹೇಳಲಿಲ್ಲ — ಅದೂ ಕಿತ್ತಳೆಯ ನಾರು ಬಿಡಿಸಿದಂತೆಯೇ ಇತ್ತೋ ಏನೋ. ಈಗ ಸ್ತ್ರೀವಾದ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ, ಹೆಂಗಸು ಹೇಳಿದ್ದು ಅರಿವೋ ಹರಟೆಯೋ ಎಂದು ತೀರ್ಮಾನಿಸುವವರು ಯಾರು ಎಂದು, ಬನ್ನಿ ತಾಯಿ, ಕೂತುಕೊಳ್ಳಿ, ಆ ಕ್ಲಾಸಿನ ಬೆಂಚಿನಲ್ಲಿ ನಿಮಗಾಗಿ ಎಷ್ಟು ಕಾಲದಿಂದ ಜಾಗ ಹಿಡಿದಿದ್ದೇನೆ. ಮಗು ಎದ್ದಿತು, ಅಳು, ಹಾಲು ಕಾಯಿಸಬೇಕು, ಸ್ಟೌವಿನಲ್ಲಿ ಎಣ್ಣೆ ಮುಗಿದಿದೆ. ಸುಬ್ಬು ಪೇಪರು ಮಡಿಸಿದ, ಭಾನುವಾರದ ನಿಧಾನದಲ್ಲಿ, ಗ್ಯಾಸ್ ಹಚ್ಚೇ, ಅದಕ್ಕೇನ್ ಧಾಡಿ, ಒಂದ್ಸಲ ಹಚ್ಚಿ ತೋರಿಸ್ಬಿಡು ಅಮ್ಮಂಗೆ, ನೆಮ್ಮದಿಯಾಗಿರ್ತಾರೆ. ನನ್ನ ನೆಮ್ಮದಿಗಾಗಿ. ವತ್ಸಲಾ ಹಾಲಿನ ಪಾತ್ರೆ ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು, ಅವಳ ಇನ್ನೊಂದು ಕೈಯಲ್ಲಿ ಪೊಟ್ಟಣ, ಕಡ್ಡಿ ಹೊರಗೆ ಬಂದಿದೆ, ಅದರ ಕೆಂಪು ತಲೆ, ನನ್ನ ಕಡೆ ಒಂದು ಸಲ ನೋಡಿದಳು — ಮತ್ತೆ ನಾನು, ನಾನೇನು ಮಾಡುತ್ತಿದ್ದೇನೆ, ವಾಸನೆ ವಾಸನೆ ಎಂದು ನಿನ್ನೆಯಿಂದ ಹೇಳಿ ಮಂಚದ ಮೇಲೆ ಕೂತಿದ್ದೇನೆ, ನಂಬಿದವಳು ಹೀಗೆ ಕೂರುತ್ತಾಳೆಯೇ, ಏಳು ಮುದುಕಿ, ಮೊಣಕಾಲು ನೋಯುತ್ತದೆ, ನೋಯಲಿ. ಹೋಗಿ ಅವಳ ಕೈಯಿಂದ ಪೊಟ್ಟಣವನ್ನೂ ಕಡ್ಡಿಯನ್ನೂ ತೆಗೆದುಕೊಂಡೆ, ಮಗು ಎತ್ಕೊಂಡು ಅಂಗಳಕ್ಕೆ ನಡಿಯಮ್ಮ ಅಂದೆ, ಅವಳು ಸುಬ್ಬುವಿನ ಕಡೆ ತಿರುಗಿ, ರೀ, ನಂಗೂ ಬರ್ತಿದೆ ವಾಸನೆ, ನಿನ್ನೆಯಿಂದ, ಎಂದು ಒಂದೇ ಉಸಿರಿನಲ್ಲಿ ಹೇಳಿ ಹೋದಳು. ಸುಬ್ಬುವಿನ ಅಂಗೈಗೆ ಇಟ್ಟೆ, ಮೆತ್ತಗೆ, ಅವನು ಕಿತ್ತಳೆಯ ತೊಳೆ ಇಡುವ ಹಾಗೆ, ತಗೋಪ್ಪಾ, ನೀನೇ ಹಚ್ಚಿ ತೋರಿಸು, ನಾನೂ ಪಕ್ಕದಲ್ಲೇ ಇರ್ತೀನಿ. ಸಂಶಯವೇ ಇಲ್ಲದವನು, ನಕ್ಕ, ಅಯ್ಯೋ ಇಷ್ಟೇನಾ, ಒಲೆಯ ಮುಂದೆ ಹೋಗಿ ನಿಂತ, ಮುಚ್ಚಿದ ಕಿಟಕಿ, ಬಂತು ನೋಡು, ಅದೇ ವಾಸನೆ, ಈ ಸಲ ಹೋಗಲಿಲ್ಲ, ಕಡ್ಡಿಯನ್ನು ಪೊಟ್ಟಣದ ಬದಿಗೆ ತಂದ, ಗೀರುತ್ತಾನೆ, ಗೀರಬೇಕು, ಇನ್ನೂ ಗೀರಿಲ್ಲ, ನಗು ಮುಖದಲ್ಲೇ ಇದೆ, ಕೈ ಮಾತ್ರ ನಿಂತಿದೆ, ಕಡ್ಡಿಯ ಕೆಂಪು ತಲೆ, ಪೊಟ್ಟಣಕ್ಕೂ ಅದಕ್ಕೂ ನಡುವೆ ಒಂದು ಎಳ್ಳಿನಷ್ಟು ಜಾಗ, ಕೆಂಪು ತಲೆ, ಎಳ್ಳಿನಷ್ಟು ಜಾಗ, ಕೆಂಪು ತಲೆ