ಹಳದಿ ಗವಸು

"ಕನ್ನಡಕ ಬೇಡಮ್ಮ, ಗಾಜು ಕರಗಿ ಮೂಳೆಗೆ ಅಂಟ್ಕೊಳ್ಳುತ್ತೆ," ಎಂದು ಅಂತ್ಯಕ್ರಿಯೆ ನಡೆಸಿಕೊಡುವವನು ಶವಪೆಟ್ಟಿಗೆಯೊಳಗಿಂದ ಫುಸಾಳ ಕನ್ನಡಕವನ್ನು ಎತ್ತಿ ಮಗಳು ರಿತ್ಸುಕೊಳ ಅಂಗೈಗಿಟ್ಟ. "ಹೂವು, ಬಟ್ಟೆ, ಉಣ್ಣೆ ಆದ್ರೆ ಇಡಿ."

ಅಮ್ಮನಿಗೆ ಅವಳು ಕೊಡಿಸಿದ್ದು ಅದೊಂದೇ. ಅದೂ ವಾಪಸ್ಸು ಬಂತು.

"ಹಾಗಾದ್ರೆ ಇದಾಗುತ್ತಲ್ವಾ?" ತಮ್ಮನ ಹೆಂಡತಿ ಸಾಚಿ ಕೆಂಪು ಉಣ್ಣೆಯ ಗವಸೊಂದನ್ನು ಶವದ ಕೈಬಳಿ ಇಟ್ಟಳು. ಟಿ.ವಿ. ಕೆಳಗೆ ಒಂದು ಬಿಳಿ ಪೆಟ್ಟಿಗೆಯಿತ್ತು. ಧಾರಾವಾಹಿಯನ್ನು ತಾನೇ ರೆಕಾರ್ಡ್ ಮಾಡಿಡುವುದು, ಬೇಕೆಂದಾಗ ಪರದೆಯ ಮೇಲೆ ಕಾರೋಡಿಸುವ ಆಟವನ್ನೂ ಆಡಿಸುವುದು. ಅದರ ಆಟದ ಹಿಡಿಕೆ ಚಳಿಗೆ ಕೈ ಕೊರೆಯುತ್ತದೆಂದು ಫುಸಾ ಹೆಣೆದ ಗವಸದು. ಹೆಬ್ಬೆರಳು ಉಜ್ಜಿ ಉಜ್ಜಿ ತೂತು ಬಿದ್ದಿತ್ತು.

"ಅಲ್ಲೂ ಕಾರು ಓಡಿಸ್ತಾಳೆ ಬಿಡು," ತಮ್ಮ ತಕುಯಾ ಮೂಗೊರೆಸಿಕೊಂಡ. "ಲೈಸೆನ್ಸ್ ಕೇಳದಿದ್ರೆ ಸಾಕು."

"ತಿರುವು ಬಂದ್ರೆ ಅತ್ತೆ ಸೀದಾ ಗದ್ದೆಗೆ ಇಳೀತಿದ್ರು. ನಾನು ಮುಂದೆ ಹೋಗಿ ಕಾಯ್ತಿದ್ದೆ."

ನೆಂಟರು ನಕ್ಕರು. ರಿತ್ಸುಕೊ ಕನ್ನಡಕದ ಕಾಲು ಮಡಚಿದಳು, ಬಿಡಿಸಿದಳು. ಅಮ್ಮ ಕಾರು ಓಡಿಸಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಅಷ್ಟರಲ್ಲಿ ಬಿಳಿ ಪೆಟ್ಟಿಗೆ ತನ್ನಷ್ಟಕ್ಕೆ ಗುರ್ರೆಂದಿತು. ಕೆಂಪು ದೀಪ ಹತ್ತಿತು.

"ಬೆಳಗಿನ ಧಾರಾವಾಹಿ," ಎಂದಳು ಸಾಚಿ. "ಅತ್ತೆ ರೆಕಾರ್ಡಿಗೆ ಹಾಕಿಟ್ಟಿದ್ದು. ಆರಿಸ್ಬೇಡಿ, ಇರ್ಲಿ."

ಆರಿಸಬೇಕೋ ಬೇಡವೋ ಎಂದು ಹೇಳುವವಳೂ ಇವಳೇ.

*

"ಫೋನ್ ಇಡ್ಲಾ ಮಗಳೇ?" ಎಂದಿದ್ದಳು ಅಮ್ಮ ಹಿಂದೊಮ್ಮೆ. " ಸಾಚಿ ಕಾಯ್ತಿದಾಳೆ. ಇವತ್ತು ಅವಳನ್ನ ಸೋಲಿಸ್ಲೇಬೇಕು."

"ನನ್ನ ಕೆಮ್ಮಿನ ವಿಷಯ ಹೇಳ್ತಿದ್ದೆ, ಅಮ್ಮ."

"ಶುಂಠಿ ಕುಡಿ. ಹೊಸ ವರ್ಷಕ್ಕೆ ಬಾ, ನೀನೂ ಆಡುವಿಯಂತೆ."

"ನಂಗೆ ಅವೆಲ್ಲ ಬರಲ್ಲ. ನೀವಿಬ್ರೇ ಆಡ್ಕೊಳ್ಳಿ."

ಸೆಂಡೈ ನಗರದ ತನ್ನ ಒಂಟಿ ಕೋಣೆಯಲ್ಲಿ ಫೋನಿಟ್ಟ ಮೇಲೂ ರಿತ್ಸುಕೊಳ ಕಿವಿ ಅಲ್ಲೇ ಇತ್ತು. ಆ ಹೊಸ ವರ್ಷಕ್ಕೆ ಅವಳು ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದಳು. ರಜೆ ಇತ್ತು.

*

ಶವದ ಗಾಡಿ ಬಂತೆಂದು ಎಲ್ಲರೂ ಬಾಗಿಲಿಗೆ ಹೋದಾಗ ರಿತ್ಸುಕೊ ಟಿ.ವಿ. ಕೆಳಗಿನ ಡ್ರಾಯರ್ ಎಳೆದಳು. ತೆಳು ಕಾಗದದಲ್ಲಿ ಸುತ್ತಿದ ಇನ್ನೊಂದು ಗವಸು, ಹಳದಿ. ಒಂದು ನೂಲೂ ಎದ್ದಿರಲಿಲ್ಲ. ಸಾಚಿಯದೇ ಇರಬೇಕು. ಎಷ್ಟು ಜೋಪಾನ ಮಾಡಿದ್ದಾಳೆ ಅಮ್ಮನ ಮುದ್ದಿನ ಸೊಸೆ!

ಬದುಕಿರುವವರ ವಸ್ತು ಹೆಣದ ಜೊತೆ ಹೋಗಬಾರದು, ಸತ್ತವರು ಕರೆದುಕೊಂಡುಬಿಡುತ್ತಾರೆ ಎಂದು ಅಮ್ಮನೇ ಹೇಳುತ್ತಿದ್ದಳು. ಗೊತ್ತಿದ್ದೂ ರಿತ್ಸುಕೊ ಅದನ್ನು ಅಮ್ಮನ ಕಾಲಬುಡದ ಸೇವಂತಿಗೆಯೊಳಗೆ ತುರುಕಿದಳು. ಮುಚ್ಚಳ ಬಿತ್ತು.

*

ದಹನಗೃಹದ ಕಾಯುವ ಕೋಣೆಯಲ್ಲಿ ಸಾಚಿ ಚಹಾ ತಂದು ಪಕ್ಕದಲ್ಲಿ ಕೂತಳು.

"ಆ ಆಟದ ಪೆಟ್ಟಿಗೆ ನೀವೇ ತಗೊಂಡ್ಹೋಗಿ, ಅತ್ತಿಗೆ."

"ಯಾಕೆ, ನೀನು ಆಡಲ್ವಾ?"

"ಒಬ್ಬಳೇ ಏನಾಡ್ಲಿ." ಸಾಚಿ ಲೋಟವನ್ನೇ ನೋಡುತ್ತಿದ್ದಳು. "ನಿಮ್ದೂ ಒಂದು ಗವಸಿದೆ, ಹಳದಿದು. 'ಕೈ ಕೊರೀತಿದೆ, ಕೊಡಿ ಅತ್ತೆ' ಅಂದ್ರೆ, 'ಅದು ರಿತ್ಸುಕೊಂದು, ಅವಳು ಬಂದಾಗ ಬೇಕು, ನೀನು ಬರಿಗೈಲೇ ಆಡು' ಅಂತಿದ್ರು. ಸುಳ್ಳ್ಯಾಕೆ ಹೇಳ್ಲಿ, ಹೊಟ್ಟೆ ಉರೀತಿತ್ತು ನಂಗೆ. ಹೊರಡೋ ಮುಂಚೆ ನೋಡ್ದೆ, ಡ್ರಾಯರಲ್ಲಿ ಕಾಣ್ಲಿಲ್ಲ. ಮನೆಗೆ ಹೋದ್ಮೇಲೆ ಹುಡುಕ್ತೀನಿ."

ರಿತ್ಸುಕೊ ಚಹಾ ಲೋಟ ಕೆಳಗಿಟ್ಟಳು.

"ಹುಡುಕ್ಬೇಡ," ಎಂದಳು.

ಒಳಗಿನಿಂದ ಕರೆ ಬಂತು. ತಟ್ಟೆಯ ಮೇಲೆ ಅಮ್ಮ ಬೆಳ್ಳಗೆ, ಹಗುರವಾಗಿ ಹರಡಿಕೊಂಡಿದ್ದಳು. ರಿತ್ಸುಕೊಳ ಕಣ್ಣು ಮೊದಲು ಕಾಲಿನ ಕಡೆ ಓಡಿತು. ಬೂದಿಯಲ್ಲಿ ಹಳದಿ ಎಲ್ಲೂ ಇರಲಿಲ್ಲ.

"ಒಂದು ಮೂಳೆಗೆ ಇಬ್ಬರು. ಈ ಜೋಡಿ ಕಡ್ಡಿಗಳಿಂದ ಒಟ್ಟಿಗೆ ಎತ್ತಿ ಅಸ್ಥಿಕುಂಭಕ್ಕೆ ಹಾಕಬೇಕು," ಎಂದ ಅಲ್ಲಿಯವನು.

ಸಾಚಿಯ ಕಡ್ಡಿಗಳು ಮೂಳೆಯ ಒಂದು ತುದಿಯನ್ನು ಹಿಡಿದು ನಿಂತವು. ರಿತ್ಸುಕೊಳ ಕಡ್ಡಿಗಳು ತಾಗಿದವು, ಜಾರಿದವು, ಮತ್ತೆ ತಾಗಿದವು. ಅವಳ ಕಡ್ಡಿ ಸಾಚಿಯ ಕಡ್ಡಿಗೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು.

ಸಾಚಿ ಎತ್ತಲಿಲ್ಲ, ಕಾಯುತ್ತಿದ್ದಳು.