ಪಿಸ್ತೂಲಿಗೆ ತೆಂಗಿನೆಣ್ಣೆ

ಹೊಲಿಗೆ ಮೆಷಿನು ಬಿಚ್ಚಿ ಜೋಡಿಸುವವನು ಜಗತ್ತಿನಲ್ಲಿ ಏನನ್ನು ಬೇಕಾದರೂ ಬಿಚ್ಚಿ ಜೋಡಿಸಬಲ್ಲ ಎಂಬುದು ನನಗೆ ವೀಸಾ ಕೊಟ್ಟು ಪಾಸ್‌ಪೋರ್ಟು ತನ್ನಲ್ಲೇ ಇಟ್ಟುಕೊಂಡ ಧಣಿ, ನನ್ನ ಕಫೀಲ್, ಸಾಲಿಮನ ನಂಬಿಕೆ. ಜಿದ್ದಾದ ಶರಫಿಯಾದಲ್ಲಿ ಅವನ ಟೈಲರ್ ಅಂಗಡಿ, ಅಲ್ಲಿ ನಾನು ಮೆಷಿನುಗಳ ವೈದ್ಯ. ಅವನ ಮನೆಯ ಮಿಕ್ಸಿ, ಗಡಿಯಾರ, ಒಮ್ಮೆ ಅವನ ಮಾವನ ಹಲ್ಲುಸೆಟ್ಟು ಕೂಡ ನನ್ನ ಮೇಜಿಗೇ ಬಂದಿತ್ತು. 'ಆಗುವುದಿಲ್ಲ' ಎಂಬ ಮಾತು ನನ್ನ ಬಾಯಿಂದ ಹೊರಟದ್ದೇ ಇಲ್ಲ. ಉಪ್ಪಿನಂಗಡಿಯ ಮೊಯಿದಿನಬ್ಬ ಎಂಬ ಈ ಬಡವನಿಗೆ ಇದ್ದ ಆಸ್ತಿಯೆಂದರೆ ಆ ಜಂಬವೊಂದೇ.

ಹಾಗಾಗಿ ಎಂಬತ್ತನಾಲ್ಕರಲ್ಲಿ, ತನ್ನ ತಮ್ಮನ ಮದುವೆಗೆ ಒಂದು ವಾರವಿರುವಾಗ, ಸಾಲಿಮ್ ಟವೆಲಿನಲ್ಲಿ ಸುತ್ತಿದ ಪಿಸ್ತೂಲೊಂದನ್ನು ತಂದು ಮುಂದಿಟ್ಟಾಗ ಹೌಹಾರಿದರೂ ತಲೆಯಾಡಿಸಿಬಿಟ್ಟೆ. ಅದು ಅವನ ಭಾವನಿಂದ ತಂದ ಎರವಲು. ಬೆಟ್ಟದ ಕಡೆಯ ಅವರ ಕುಲದಲ್ಲಿ ಆಕಾಶಕ್ಕೆ ಗುಂಡು ಹೊಡೆಯದಿದ್ದರೆ ಅದು ಮದುವೆಯೇ ಅಲ್ಲ. ಪಿಸ್ತೂಲಿನೊಳಗೆ ಮರಳು ಸೇರಿತ್ತು. ಬಿಚ್ಚುವುದು ಹೇಗೆಂದು ಭಾವನನ್ನು ಕೇಳಿದರೆ ಇವನ ಮರ್ಯಾದೆ ಹೋಗುತ್ತದೆ.

"ಸಾಫ್ ಮಾಡು. ಮದುವೆಯ ಮರುದಿನ ನಿನ್ನ ಪಾಸ್‌ಪೋರ್ಟೂ ಕೊಡ್ತೇನೆ, ರಜೆಯೂ ಕೊಡ್ತೇನೆ," ಎಂದ.

ನಾನು ಊರು ಬಿಟ್ಟ ಮೇಲೆ ಹುಟ್ಟಿದ ಮಗಳು ಹಲೀಮತಳಿಗೆ ಆಗ ಮೂರು ವರ್ಷ. ಅವಳ ಮುಖವನ್ನು ಫೋಟೋದಲ್ಲಿ ಮಾತ್ರ ಕಂಡಿದ್ದೆ. ನಾನು ಮಾತು ತುಂಬಿಸಿ ಕಳಿಸುತ್ತಿದ್ದ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ಅವಳು ಟೇಪ್ ರೆಕಾರ್ಡರನ್ನೇ 'ಬಾಪ' ಎಂದು ಕರೆಯುತ್ತಿದ್ದಳಂತೆ. ಮಲಗುವಾಗ ಅದಕ್ಕೆ ಹೊದಿಕೆ ಹೊದೆಸುತ್ತಿದ್ದಳಂತೆ. ಹೆಂಡತಿ ಸಫಿಯತ್ ಇದನ್ನು ನಗುತ್ತಲೇ ಹೇಳಿ ಕಳಿಸಿದ್ದಳು. ನನಗೆ ನಗು ಬರಲಿಲ್ಲ.

ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಮೂಲ್ಕಿಯ ಅಣ್ಣು ಪಿಸ್ತೂಲಿನ ಸುದ್ದಿ ಕೇಳಿ ಹಣೆ ಚಚ್ಚಿಕೊಂಡ. "ಎಂತ ಮಾರಾಯ, ನಿಂಗೆ ತಲೆ ಸರಿ ಉಂಟಾ? ಅದ್ರಲ್ಲಿ ಹೆಚ್ಚುಕಮ್ಮಿ ಆದ್ರೆ ಊರಿಗೆ ನೀನು ಹೋಗುದಲ್ಲ, ನಿನ್ನ ಪಾರ್ಸೆಲ್ ಹೋಗುದು."

ಸಾಲಿಮನ ಮನೆಯಲ್ಲಿ ಅದನ್ನು ಬಿಚ್ಚುವ ಪಾಠ ಹೇಳಿದವಳು ಅವನ ತಾಯಿ. ಅವಳ ಗಂಡ ಬದುಕಿದ್ದಾಗ ಸೊಂಟದಲ್ಲಿ ಪಿಸ್ತೂಲಿಲ್ಲದೆ ಹೊಸಿಲು ದಾಟಿದವನಲ್ಲ, ಅದನ್ನು ಒರೆಸುತ್ತಿದ್ದವಳು ಈ ಮುದುಕಿ. ಪರಗಂಡಸಿನ ಎದುರು ಬರುವಂತಿಲ್ಲವಲ್ಲ, ಅವಳು ಪರದೆಯ ಆಚೆ ಕೂತಳು, ನಾನು ಈಚೆ ಜಮಖಾನದ ಮೇಲೆ. ಪರದೆಯ ಸಂದಿಯಿಂದ ಒಂದು ಕಣ್ಣು ನನ್ನ ಕೈಯನ್ನೇ ನೋಡುತ್ತಿತ್ತು.

"ಮೊದಲು ಗುಂಡು ತೆಗೆದು ಈ ಲೋಟಕ್ಕೆ ಹಾಕು," ಎಂದು ಪರದೆಯ ಅಡಿಯಿಂದ ಕಾಫಿ ಲೋಟ ತಳ್ಳಿದಳು. ಹಾಕಿದೆ. "ಒಳಗೆ ಇನ್ನೊಂದು ಕೂತಿರುತ್ತದೆ, ನೋಡು."

ಕೂತಿತ್ತು! ನನ್ನ ಬೆವರು ಬನಿಯನಿನಿಂದ ಲುಂಗಿಗೆ ಇಳಿಯಿತು.

ಅವಳು ಹೇಳಿದಂತೆ ಒತ್ತಿ ಎಳೆದರೆ ಮೇಲಿನ ಕವಚ ಬಿಟ್ಟುಕೊಂಡಿತು, ಸ್ಪ್ರಿಂಗು ಹಾರಿ ಗೋಡೆಗೆ ಬಡಿಯಿತು. ನಾನು ಸಾಯುವ ಹೊತ್ತಿನ ಕಲಿಮಾ ಹೇಳುತ್ತಾ ನೆಲಕ್ಕೆ ಬಿದ್ದೆ. ಆಚೆಯಿಂದ ಮುದುಕಿ ಕೆಮ್ಮು ಬರುವಷ್ಟು ನಕ್ಕಳು. ಬಿಚ್ಚಿ ನೋಡಿದರೆ ಅದು ಹೊಲಿಗೆ ಮೆಷಿನಿನ ಕೆಟ್ಟುಹೋದ ದಾಯಾದಿ. ಅದೇ ಸ್ಪ್ರಿಂಗು, ಅದೇ ಸೂಜಿ, ಹೊಲಿಯಲು ಮಾತ್ರ ಬರುವುದಿಲ್ಲ.

ಮರಳು ಒರೆಸಿ ಆಯಿತು. ಎಣ್ಣೆ ಹಾಕಬೇಕೆನ್ನುವಾಗ ಮೆಷಿನ್ ಆಯಿಲ್ ಅಂಗಡಿಯಲ್ಲೇ ಬಿಟ್ಟು ಬಂದದ್ದು ನೆನಪಾಯಿತು. ಚೀಲದಲ್ಲಿದ್ದದ್ದು ಊರಿಂದ ಬಂದವರು ಕೊಟ್ಟ ತೆಂಗಿನೆಣ್ಣೆ, ಮುದುಕಿಯ ಮಂಡಿನೋವಿಗೆಂದು ತಂದದ್ದು. ಹೋದ ವರ್ಷವೂ ಒಂದು ಬಾಟಲಿ ಕೊಟ್ಟಿದ್ದೆ. "ಇದು ಸಾಕು ಉಮ್ಮಾ. ನಮ್ಮಲ್ಲಿ ತಲೆಗೂ ಇದೇ, ಸುಟ್ಟ ಗಾಯಕ್ಕೂ ಇದೇ, ಬಾಗಿಲ ಕೀಲಿಗೂ ಇದೇ," ಎಂದು ಜಂಬ ಕೊಚ್ಚಿದೆ.

ಪರದೆಯ ಸಂದಿಯ ಕಣ್ಣು ನನ್ನ ಕೈಯಿಂದ ಬಾಟಲಿಗೆ ಸರಿಯಿತು. ಆಮೇಲೆ, "ನಿನಗೆ ಮಕ್ಕಳಿದ್ದಾರಾ?" ಎಂದಳು. ಹಲೀಮತಳ ವಯಸ್ಸು, ಟೇಪ್ ರೆಕಾರ್ಡರಿನ ಕತೆ ಎಲ್ಲ ಹೇಳಿದೆ.

"ಎಣ್ಣೆ ಹಾಕು," ಎಂದಳು. "ಇನ್ನೂ ಹಾಕು. ಗುಂಡಿಗೆ ಬಡಿಯುವ ಆ ಸೂಜಿ ಓಡಾಡುವ ತೂತಿಗೂ ತುಂಬು."

ಮದುವೆಯ ದಿನ ಗಂಡಸರ ಊಟ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಸುತ್ತ ನಿಂತರು. ಸಾಲಿಮ್ ತಾಯಿಯ ಕೋಣೆಯಿಂದ ಪಿಸ್ತೂಲು ತರಿಸಿ, ಗುಂಡು ತುಂಬಿ, ಎದೆಯುಬ್ಬಿಸಿ ಆಕಾಶಕ್ಕೆ ಹಿಡಿದು ಒತ್ತಿದ. ಟಿಕ್. ಮತ್ತೆ ಒತ್ತಿದ, ಮತ್ತೆ ಟಿಕ್. ಭಾವ ಕಿತ್ತುಕೊಂಡು, ಗುಂಡು ತೆಗೆದು ಬಿಚ್ಚಿದರೆ ಒಳಗೆ ಬೆಳ್ಳಗೆ ತುಪ್ಪದಂತೆ ಹೆಪ್ಪುಗಟ್ಟಿದ ಎಣ್ಣೆ! ಅರಬರ ಅಂಗಳದಲ್ಲಿ ಮಂಗಳೂರಿನ ಹೆಂಗಸರ ಜಡೆಯ ವಾಸನೆ ಘಮ್ಮೆಂದಿತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಲಿಮ್ ನನ್ನ ಕಡೆ ತಿರುಗಿ, "ರಜೆಯೂ ಇಲ್ಲ, ಏನೂ ಇಲ್ಲ! ಕಣ್ಣೆದುರಿನಿಂದ ತೊಲಗು!" ಎಂದು ಕಿರುಚಿದ.

ರೂಮಿಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಹಲೀಮತ್ ಇನ್ನೂ ಒಂದು ವರ್ಷ ಆ ಡಬ್ಬಿಯನ್ನೇ ಬಾಪ ಅನ್ನಬೇಕಲ್ಲ.

"ಎಸಿ ಕೋಣೇಲಿ ತೆಂಗಿನೆಣ್ಣೆ ಗಟ್ಟಿ ಆಗದೆ ಎಂತ ಆಗ್ತದೆ ಮಾರಾಯ?" ಎಂದ ಅಣ್ಣು. "ನಮ್ಮದು ಫ್ಯಾನಿನ ರೂಮಲ್ವಾ, ನಮಗೆ ಹೇಗೆ ಗೊತ್ತಾಗ್ಬೇಕು?"

ಮರುದಿನ ಮುದುಕಿ ಕರೆಸಿದಳು. ಅದೇ ಪರದೆ, ಅದೇ ಕಣ್ಣು.

"ಎಣ್ಣೆ ಹಾಕಿದ್ದು ನಾನೇ ಅಂತ ಸಾಲಿಮನಿಗೆ ಹೇಳಿದ್ದೇನೆ," ಎಂದಳು. "ನಿನ್ನ ರಜೆ ಅವನು ನಿಲ್ಲಿಸಬಹುದು. ತಾಯಿಯ ಮೇಲೆ ಏನು ಮಾಡುತ್ತಾನೆ?"

"ಅದು ಗಟ್ಟಿಯಾಗುತ್ತದೆ ಎಂದು ನಿಮಗೆ ಗೊತ್ತಿತ್ತಾ ಉಮ್ಮಾ?"

"ನೀನು ಹೋದ ವರ್ಷ ಕೊಟ್ಟ ಬಾಟಲಿ ನನ್ನ ಎಸಿಯ ಮುಂದೆ ಕಲ್ಲಾಗಿ ಕೂತಿದೆ. ಪಿಸ್ತೂಲನ್ನೂ ಅದರ ಪಕ್ಕದಲ್ಲೇ ಇಟ್ಟೆ."

"ಗುಂಡು ಹೊಡೆಯಬೇಡ ಎಂದು ಮಗನಿಗೆ ಹೇಳಿದ್ದರೆ ಆಗುತ್ತಿತ್ತಲ್ಲ?"

"ಹೇಳಿ ಹೇಳಿ ಸಾಕಾಗಿದೆ. ಮೇಲೆ ಹೋದ ಗುಂಡು ಅಲ್ಲಾಹನ ಹತ್ತಿರವೇ ಉಳಿಯುತ್ತದೆ ಅಂತ ಈ ಗಂಡಸರು ತಿಳಿದಿದ್ದಾರೆ." ಅವಳ ದನಿ ಇಳಿಯಿತು. "ನನ್ನ ಅಣ್ಣನ ಮದುವೆಯಲ್ಲಿ ಒಂದು ಕೆಳಗೆ ಬಂತು. ನನ್ನ ಮಗಳು ನೂರಾ ಅಂಗಳದಲ್ಲಿ ಆಡುತ್ತಿದ್ದಳು. ಅವಳಿಗೂ ಮೂರೇ ವರ್ಷ."

ಕಾಫಿ ಲೋಟ ಬಂದ ಹಾದಿಯಲ್ಲೇ, ಪರದೆಯ ಅಡಿಯಿಂದ, ನನ್ನ ಪಾಸ್‌ಪೋರ್ಟು ಜಾರಿ ಬಂತು.

"ಯಲ್ಲಾ, ಹೋಗು. ಮಗು ಆ ಪೆಟ್ಟಿಗೆಗೆ ಹೊದಿಕೆ ಹೊದೆಸಿದ್ದು ಸಾಕು," ಎಂದಳು. "ಬರುವಾಗ ಎಣ್ಣೆ ಜಾಸ್ತಿ ತಾ. ಇನ್ನೂ ಇಬ್ಬರು ಗಂಡುಮಕ್ಕಳ ಮದುವೆ ಬಾಕಿ ಇದೆ."